ಇಂದಿನ ಚಿಂತನೆ: ನಾಯಕರ ಮಕ್ಕಳ ಕಾಯಿಲೆ ಯಾರ ಸುದ್ದಿ?





ಮಂತ್ರಿಯ ಮಗನೋ ಶಾಸಕರ ಮಗಳೋ ಆಸ್ಪತ್ರೆ ಸೇರಿದರೆ ಸಾಕು, ಗೋಕಾಕ, ಮೂಡಲಗಿ, ಹುಕ್ಕೇರಿಯ ಚಹಾ ಅಂಗಡಿಗಳಲ್ಲಿ ಒಂದೇ ಪ್ರಶ್ನೆ: "ಏನ್ ಆಗೇತಂತ?" ಸಂಜೆಯೊಳಗೆ ಹತ್ತು ಗ್ರೂಪಿನಲ್ಲಿ ಹತ್ತು ಉತ್ತರ.

2016ರ ಜುಲೈನಲ್ಲಿ, ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹಿರಿಯ ಮಗ ರಾಕೇಶ್ ಬೆಲ್ಜಿಯಂನಲ್ಲಿ ಕಾಯಿಲೆ ಬಿದ್ದು, 30ರಂದು ತೀರಿಕೊಂಡರು. ಇನ್ನೂ ನಲವತ್ತು ತುಂಬಿರಲಿಲ್ಲ. ಕಾಯಿಲೆ ಯಾವುದೆಂಬುದು ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಇಲ್ಲಿ ಮತ್ತೆ ಬರೆಯುವುದರಿಂದ ಯಾರಿಗೂ ಉಪಯೋಗವಿಲ್ಲ.

"ಸುಳ್ಳು ಹೇಳಿಲ್ಲವಲ್ಲ, ನಾಲ್ಕನೆಯ ಶೀಲ ಮುರಿಯಲಿಲ್ಲ" ಎನ್ನಬಹುದು. ಆದರೆ ಬುದ್ಧರು ಕೇಳಿದ್ದು ಅಷ್ಟನ್ನೇ ಅಲ್ಲ. ಮಜ್ಝಿಮ ನಿಕಾಯದಲ್ಲಿ ರಾಜಕುಮಾರ ಅಭಯನ ಪ್ರಸಂಗವಿದೆ. ಅವನ ತೊಡೆಯ ಮೇಲೆ ಹಸುಗೂಸು ಮಲಗಿತ್ತು. ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುವೆ ಎಂದು ಬುದ್ಧರು ಕೇಳಿದರು. ರಕ್ತ ಬಂದರೂ ತೆಗೆಯುವೆ, ಮಗುವಿನ ಮೇಲಿನ ಕರುಣೆಯಿಂದ, ಎಂದ ಅಭಯ. ನೋವಾಗುವ ಮಾತಿಗೂ ಇದೇ ಅಳತೆ: ಅದು ನಿಜವಾಗಿರಬೇಕು, ಹಿತವಾಗಿರಬೇಕು, ಸಮಯಕ್ಕೆ ತಕ್ಕದ್ದಾಗಿರಬೇಕು. ನಾವು ಮಾಡುವ ಫಾರ್ವರ್ಡ್ ಯಾವ ಮಗುವಿನ ಬಾಯಿಂದ ಕಲ್ಲು ತೆಗೆಯುತ್ತದೆ?

ಹಾಗಾದರೆ ನಾಯಕರನ್ನು ಏನೂ ಕೇಳಬಾರದೇ? ಕೇಳಲೇಬೇಕು. ಚಿಕಿತ್ಸೆಗೆ ಸರ್ಕಾರದ ಹಣ ಹೋಗಿದ್ದರೆ ಲೆಕ್ಕ ಕೇಳೋಣ. ಅವರ ಮಕ್ಕಳು ದೊಡ್ಡ ಆಸ್ಪತ್ರೆಗೆ ಹೋಗುವಾಗ ನಾವು ತಾಲ್ಲೂಕು ಆಸ್ಪತ್ರೆ ಬಿಟ್ಟು ಬೆಳಗಾವಿ, ಮೀರಜ್‌ಗೆ ಯಾಕೆ ಓಡಬೇಕು ಎಂದು ಗಟ್ಟಿಯಾಗಿ ಕೇಳೋಣ. ಈ ಯಾವ ಪ್ರಶ್ನೆಗೂ ಆ ಮಗುವಿನ ಕಾಯಿಲೆಯ ಹೆಸರು ಬೇಕಿಲ್ಲ. ಚುನಾವಣೆಗೆ ನಿಂತದ್ದು ತಂದೆ, ಮಗುವಲ್ಲ.

"ದೊಡ್ಡವರಿಗೆ ನಮ್ಮ ಕರುಣೆ ಯಾಕೆ?" ಎಂದು ಕೆಲವರು ಕೇಳುತ್ತಾರೆ. ನಮ್ಮ ಕೇರಿಯಲ್ಲಿ ಕ್ಷಯವೋ ಎಚ್‌ಐವಿಯೋ ಇದ್ದವರು, ಗುರುತಿನವರು ಕಂಡಾರೆಂದು ಹತ್ತಿರದ ಆಸ್ಪತ್ರೆ ಬಿಟ್ಟು ದೂರದೂರಿಗೆ ಮಾತ್ರೆಗೆ ಹೋಗುವುದುಂಟು. ಊರಿಗೆ ಗೊತ್ತಾದರೆ ಮಗಳ ಮದುವೆ ನಿಂತೀತು, ಕೂಲಿ ತಪ್ಪೀತು ಎಂಬ ಭಯ. ಆ ಗುಟ್ಟು ಉಳಿಯಲಿ ಎಂದು ಬಯಸುವ ನಾವು, ಮಂತ್ರಿಯ ಮಗುವಿಗೆ ಅದನ್ನು ನಿರಾಕರಿಸಿದರೆ ಅದು ಸಮತೆಯಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಬಡವ-ಬಲ್ಲಿದ ಎಂದು ನೋಡುವುದಿಲ್ಲ.

ಬಾಬಾಸಾಹೇಬರು ಮತ್ತು ಮಾತೆ ರಮಾಬಾಯಿ ಐದು ಮಕ್ಕಳಲ್ಲಿ ನಾಲ್ವರನ್ನು ಕಳೆದುಕೊಂಡರು. 1926ರಲ್ಲಿ ಪುಟ್ಟ ರಾಜರತ್ನ ಹೋದಾಗ ಆ ದುಃಖವನ್ನು ಬಾಬಾಸಾಹೇಬರು ಗೆಳೆಯರೊಬ್ಬರಿಗೆ ಪತ್ರದಲ್ಲಿ ತೋಡಿಕೊಂಡರು. ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬುದನ್ನು ತೀರ್ಮಾನಿಸಿದವರು ಅವರೇ. ನೊಂದವರಿಗೆ ಆ ತೀರ್ಮಾನವನ್ನು ಬಿಟ್ಟುಕೊಡುವುದೂ ಮೈತ್ರಿಯೇ.

ಇಂದಿನ ಅಭ್ಯಾಸ: ಯಾರದೇ ಮಗುವಿನ ಕಾಯಿಲೆಯ ಸುದ್ದಿ ಮೊಬೈಲಿಗೆ ಬಂದರೆ ಮುಂದೆ ಕಳಿಸದೆ, ಆ ಮಗು ಗುಣವಾಗಲಿ ಎಂದು ಒಂದು ನಿಮಿಷ ಮೈತ್ರಿ ಭಾವನೆ ಮಾಡೋಣ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್! 🙏