ಸುದ್ದಿಯ ಹೊಣೆ ಯಾರದು?

ಕಣ್ಣಾರೆ ಕಾಣದ್ದನ್ನು ಇನ್ನೊಬ್ಬರ ಮಾತಿನಿಂದ ತಿಳಿಯಬಹುದೇ ಎಂಬುದು ಭಾರತೀಯ ದರ್ಶನಗಳ ಹಳೆಯ ಚರ್ಚೆ. ಬೌದ್ಧರೂ ವೈಶೇಷಿಕರೂ ಅಂಥ ತಿಳಿವನ್ನು ಅನುಮಾನದಲ್ಲೇ, ಅಂದರೆ ತರ್ಕದಿಂದ ಊಹಿಸುವುದರಲ್ಲೇ, ಸೇರಿಸುತ್ತಾರೆ. ನ್ಯಾಯದರ್ಶನ ಆಪ್ತನ ಮಾತನ್ನು ಪ್ರತ್ಯೇಕ ಪ್ರಮಾಣ, ಅಂದರೆ ಅರಿವಿನ ಸಾಧನ, ಎಂದು ಒಪ್ಪುತ್ತದೆ. ಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ ವಿಷಯವನ್ನು ನೇರವಾಗಿ ಅರಿತು, ಅರಿತಂತೆಯೇ ತಿಳಿಸಬಯಸುವವನು ಆಪ್ತ. ಋಷಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ. ಉದಾಹರಣೆಗೆ, ಸಂತೆಕಲ್ಲೂರಿನ ಘನಮಠ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದರು. ಬೇಸಾಯದ ಮಾತಿನಲ್ಲಿ ಪ್ರಮಾಣವಾಗುವುದು ಬರೆದವರ ಪೀಠವಲ್ಲ, ಮಣ್ಣು-ಮಳೆಗಳ ಅರಿವು.

ಮೀಮಾಂಸಕರ ಮತದಲ್ಲಿ ಬಾಧಕ ಕಾಣುವವರೆಗೆ ಅರಿವು ತಾನಾಗಿಯೇ ಪ್ರಮಾಣ. ನೈಯಾಯಿಕರಿಗೆ ಹೊರಗಿನ ಆಧಾರ ಬೇಕು. ದಿನಬಳಕೆಯಲ್ಲಿ ಎಲ್ಲರೂ ಮೀಮಾಂಸಕರೇ. ಪತ್ರಕರ್ತನ ಕಸುಬು ಮಾತ್ರ ನೈಯಾಯಿಕನದು.

ಪರೀಕ್ಷಿಸಬೇಕಾದರೆ ಆಡಿದವರು ಯಾರೆಂದು ಗೊತ್ತಿರಬೇಕು. ಸಂತೆಕಲ್ಲೂರು ಸೇರಿರುವ ಮಸ್ಕಿ ತಾಲ್ಲೂಕಿನಲ್ಲೇ ಇದಕ್ಕೊಂದು ಪುರಾತನ ನಿದರ್ಶನವಿದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಶಾಸನದಲ್ಲಿ ‘ದೇವಾನಾಂಪ್ರಿಯ’ ಬಿರುದಿನ ಜೊತೆ ಅಶೋಕನ ಹೆಸರೇ ಇದೆ. ಆ ಬಿರುದಷ್ಟೇ ಇರುವ ಬೇರೆ ಶಾಸನಗಳನ್ನು ಬರೆಸಿದವನು ಯಾರೆಂಬುದು ಅದರಿಂದ ಖಚಿತವಾಯಿತು.  ಮುದ್ರಣಯುಗದಲ್ಲಿ 1867ರ ಕಾಯ್ದೆ ಮುದ್ರಕ, ಪ್ರಕಾಶಕರ ಹೆಸರನ್ನು ಕಡ್ಡಾಯ ಮಾಡಿತು. ಸಂಪಾದಕರ ಹೆಸರು ಆಮೇಲೆ ಸೇರಿತು. ಪತ್ರಿಕೆಯ ಪುಟದಡಿಯ ಸಣ್ಣಕ್ಷರದ ಆ ಸಾಲನ್ನು ಓದುವವರು ಕಡಿಮೆ. ನೋಟಿಸು ಬರುವುದು ಮಾತ್ರ ಅದೇ ವಿಳಾಸಕ್ಕೆ.

ಫಾರ್ವರ್ಡ್ ಆಗುವ ಸಂದೇಶಕ್ಕೆ ಆ ಸಾಲಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಸ್ನೇಹಿತನನ್ನು ಕಾಣಲು ಕಾರಿನಲ್ಲಿ ಬಂದ ಕೆಲವರು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಅವರಲ್ಲೊಬ್ಬರಾದ ಹೈದರಾಬಾದಿನ ಯುವ ಎಂಜಿನಿಯರ್ ಪ್ರಾಣ ಬಿಟ್ಟರು. ಅದೇ ತಿಂಗಳು ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸುವ ಮಿತಿ ಪ್ರಕಟಿಸಿತು.

ಇಂಥಲ್ಲಿ ದೋಷ ಯಾರಿಗೆ? ಜೈನರ ತತ್ತ್ವಾರ್ಥಸೂತ್ರವೂ ಪತಂಜಲಿಯ ಯೋಗಸೂತ್ರವೂ ಹಿಂಸೆಯನ್ನು ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂದು ಮೂರಾಗಿ ವಿಂಗಡಿಸುತ್ತವೆ. ಸುಳ್ಳು ಕಟ್ಟಿದವನು, ಪರಿಶೀಲಿಸದೆ ಹಂಚಿದವನು, ಮೆಚ್ಚಿಗೆ ಒತ್ತಿದವನು ಮೂವರೂ ಈ ಲೆಕ್ಕದೊಳಗೆ ಬರುತ್ತಾರೆ. ಹೊಣೆ ಹಂಚಿಹೋದ ಮಾತ್ರಕ್ಕೆ ಒಬ್ಬೊಬ್ಬರ ಪಾಲು ಕರಗುವುದಿಲ್ಲ. ಎಲ್ಲರ ಪಾಲೂ ಸಮವೆಂದೂ ಅಲ್ಲ: ಯೋಗಸೂತ್ರ ಮೃದು, ಮಧ್ಯ, ತೀವ್ರವೆಂಬ ತಾರತಮ್ಯವನ್ನೂ, ಲೋಭ, ಕ್ರೋಧ, ಮೋಹವೆಂಬ ಮೂಲಗಳನ್ನೂ ಹೇಳುತ್ತದೆ. ವೀಕ್ಷಣೆಯ ಲೆಕ್ಕದಲ್ಲಿ ಹಣ ಬರುವುದರಿಂದ ಬೆಂಕಿ ಹಚ್ಚುವ ತಲೆಬರಹ ಕೊಡುವುದು ಲೋಭ. ಒಂದು ಸಮುದಾಯವನ್ನು ಗುರಿಮಾಡುವುದು ಕ್ರೋಧ. ಮಕ್ಕಳ ಕಾಳಜಿಯಿಂದಲೇ ಹಸಿಸುಳ್ಳು ಹಂಚುವುದು ಮೋಹ. ಒಳ್ಳೆಯ ಉದ್ದೇಶ ದೋಷವನ್ನು ಹಗುರ ಮಾಡೀತು, ತೊಡೆಯದು. ಪರಿಶೀಲನೆಯೇ ವೃತ್ತಿಯಾದ ಪತ್ರಕರ್ತನಿಗೆ ಮೋಹದ ನೆಪವೂ ಸಿಗದು.

ಕಾನೂನಿನ ಕೈ ಇಲ್ಲಿ ಗಿಡ್ಡ. 1978ರ ಕಾಯ್ದೆಯ ಪತ್ರಿಕಾ ಮಂಡಳಿ ಮುದ್ರಿತ ಪತ್ರಿಕೆಗಳಿಗೆ ಎಚ್ಚರಿಕೆ ನೀಡಬಹುದು, ಛೀಮಾರಿ ಹಾಕಬಹುದು; ದಂಡಿಸಲಾರದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಡಿಜಿಟಲ್ ಸುದ್ದಿಸಂಸ್ಥೆಗಳು ದೂರು ಅಧಿಕಾರಿಯನ್ನು ನೇಮಿಸಿ 15 ದಿನಗಳಲ್ಲಿ ದೂರು ತೀರಿಸಬೇಕೆಂದವು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್, ವಾಕ್‌ಸ್ವಾತಂತ್ರ್ಯದ ಪ್ರಶ್ನೆಯಿಂದಾಗಿ, ಆ ನಿಯಮಗಳಲ್ಲಿನ ನೀತಿಸಂಹಿತೆಯ ಪಾಲನೆಗೆ ಸಂಬಂಧಿಸಿದ ಅಂಶಗಳಿಗೆ ತಡೆ ನೀಡಿತು. ಸರ್ಕಾರದ ಅಂಕುಶವೇ ಬಾಯಿ ಕಟ್ಟುವ ಹಗ್ಗವಾಗಬಹುದೆಂಬ ಭಯ ಸಕಾರಣವಾದದ್ದು.

ಉಳಿದದ್ದು ವೃತ್ತಿಧರ್ಮ. ತಪ್ಪು ಸುದ್ದಿಯನ್ನು ಸದ್ದಿಲ್ಲದೆ ಅಳಿಸಿಹಾಕುವುದು ಪ್ರಾಯಶ್ಚಿತ್ತವಲ್ಲ, ಸಾಕ್ಷ್ಯನಾಶ. ಅದೇ ಕೊಂಡಿಯಲ್ಲಿ ತಪ್ಪು ಯಾವುದು, ತಿದ್ದಿದ್ದು ಯಾರು, ಯಾವಾಗ ಎಂಬುದನ್ನು ದಾಖಲಿಸಬೇಕು. ಸುಳ್ಳು ಹೋದ ಗುಂಪುಗಳಿಗೆಲ್ಲ ತಿದ್ದುಪಡಿಯನ್ನೂ ಕಳುಹಿಸಬೇಕು.