ಮರಳಿ ಬಂದ ಮಗು ಮತ್ತು ದಾನದ ದಾರಿ

ಹೆತ್ತವರಿಂದ ಕೆಲಕಾಲ ದೂರವಾಗಿ ಸಾಕುಮನೆಯಲ್ಲೋ ಬಾಲಮಂದಿರದಲ್ಲೋ ಬೆಳೆದ ಮಗು ಮನೆಗೆ ಮರಳಿದ ಮೇಲೆ ಆ ಮನೆಯ ವಿಷಯದಲ್ಲಿ ಉಳಿದವರ ಹೊಣೆ ಮುಗಿಯುತ್ತದೆಯೇ? ಕಡತದಲ್ಲಿ ಇದು ಆಡಳಿತದ ಪ್ರಶ್ನೆ. ಬೇರು ಮಾತ್ರ ಧರ್ಮವಿಚಾರದಲ್ಲಿದೆ. ಮಗು ಯಾರಿಗೆ ಸೇರಿದ್ದು, ಬಡ ತಂದೆತಾಯಿಗೆ ಕೊಡುವುದು ದಯೆಯೋ ಸಲ್ಲಬೇಕಾದ ಋಣವೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳದೆ ಅದಕ್ಕೆ ಉತ್ತರ ಸಿಗುವುದಿಲ್ಲ. ರಂಜಾನಿನ ಜಕಾತ್, ಗುಡಿಯ ಅನ್ನದಾನ, ಚರ್ಚಿನ ಸೇವೆ ಒಂದರ ಪಕ್ಕ ಒಂದು ನಡೆಯುವ ಹೈದರಾಬಾದಿನಲ್ಲಿ ಈ ಪ್ರಶ್ನೆಯನ್ನು ಪಕ್ಕಕ್ಕಿಡಲು ಬರುವುದಿಲ್ಲ.

ಕಾನೂನು ಹೇಳುವುದು ಸ್ಪಷ್ಟವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವಿನ ಪಾಲನೆಯ ಮೊದಲ ಹೊಣೆ ಹೆತ್ತ ಕುಟುಂಬದ್ದು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ದತ್ತು ಹೋದ ಮಗುವಿಗೂ ಹೆತ್ತವರಿಗೂ ಇದ್ದ ಕಾನೂನಿನ ನಂಟು ಕಡಿಯುತ್ತದೆ. ಮಗುವನ್ನು ಸಾಕುಮನೆಗೆ ಒಪ್ಪಿಸುವ 44ನೇ ಕಲಮಿನ ಪೋಷಕತ್ವದಲ್ಲಿ ಹಾಗಿಲ್ಲ. ಅಲ್ಲಿ ಮಗು ಇನ್ನೊಬ್ಬರ ಮನೆಯಲ್ಲಿ ಬೆಳೆದರೂ ಹೆತ್ತವರ ಮಗುವೇ. ಅದನ್ನು ಮರಳಿ ಮನೆಗೆ ಸೇರಿಸುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಯದು. ಭಾರತದಲ್ಲಿ ಸಾಕುಮನೆಗಳು ಇನ್ನೂ ಬಹಳ ಕಡಿಮೆ. ಹೆತ್ತವರಿಂದ ದೂರವಾದ ಮಕ್ಕಳಲ್ಲಿ ಹೆಚ್ಚಿನವರು ಜನ 'ಹಾಸ್ಟೆಲ್ಲು' ಎಂದು ಕರೆಯುವ ಸಂಸ್ಥೆಗಳಲ್ಲೇ ಇರುತ್ತಾರೆ. ಅವರಲ್ಲಿ ಅನೇಕರಿಗೆ ತಾಯಿಯೋ ತಂದೆಯೋ ಬದುಕಿದ್ದಾರೆ. ಆ ಮಕ್ಕಳನ್ನು ಅಲ್ಲಿಗೆ ತಂದದ್ದು ಸಾವಿಗಿಂತ ಹೆಚ್ಚಾಗಿ ಬಡತನ.

ಇಂಥ ಮಕ್ಕಳು ಒಮ್ಮೆಲೇ ದೊಡ್ಡ ಸಂಖ್ಯೆಯಲ್ಲಿ ಮನೆಗೆ ಮರಳಿದ್ದು ಕೋವಿಡ್ ಕಾಲದಲ್ಲಿ. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ತೆಲಂಗಾಣ, ಕರ್ನಾಟಕವೂ ಸೇರಿ 8 ರಾಜ್ಯಗಳಿಗೆ ಪತ್ರ ಬರೆದು, ಸಂಸ್ಥೆಗಳಲ್ಲಿರುವ ಮಕ್ಕಳನ್ನು 100 ದಿನಗಳೊಳಗೆ ಕುಟುಂಬಗಳಿಗೆ ಸೇರಿಸಬೇಕೆಂದಿತು. ಆ ವರ್ಷದ ಕೊನೆಗೆ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕದಂತೆ, ದೇಶದಾದ್ಯಂತ ಸಂಸ್ಥೆಗಳಲ್ಲಿದ್ದ ಸುಮಾರು 2.27 ಲಕ್ಷ ಮಕ್ಕಳಲ್ಲಿ 1.45 ಲಕ್ಷ ಮಂದಿ ಮನೆ ಸೇರಿದ್ದರು. ಹಾಗೆ ಮರಳಿದ ಮಕ್ಕಳ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಬೇಕೆಂದು ಕೋರ್ಟು ಹೇಳಿತು. ಆ ಆದೇಶದ ಹಿಂದೆ ಒಂದು ಸರಳ ತಿಳಿವಳಿಕೆ ಇತ್ತು: ಮಗುವನ್ನು ಮನೆಯಿಂದ ಹೊರಗೆ ಕಳಿಸಿದ ಕಾರಣ ಮಗು ಒಳಗೆ ಬಂದ ಮಾತ್ರಕ್ಕೆ ಹೋಗಿರುವುದಿಲ್ಲ.

ಮರಳುವಿಕೆಯ ಕಷ್ಟವನ್ನು ಧರ್ಮಗ್ರಂಥಗಳು ಎಂದೋ ಗುರುತಿಸಿವೆ. ಭಾಗವತದ ದಶಮ ಸ್ಕಂಧದಲ್ಲಿ ಕಂಸನ ವಧೆಯಾದ ಕೂಡಲೇ ಕೃಷ್ಣ ಬಲರಾಮರು ಸೆರೆಯಲ್ಲಿದ್ದ ದೇವಕಿ ವಸುದೇವರ ಬಳಿಗೆ ಹೋಗಿ ಕಾಲಿಗೆರಗುತ್ತಾರೆ. ಹೆತ್ತವರು ಮಕ್ಕಳನ್ನು ತಬ್ಬಿಕೊಳ್ಳುವುದಿಲ್ಲ; ಇವರು ಜಗದೊಡೆಯರೆಂಬ ಅಂಜಿಕೆ ಅವರನ್ನು ತಡೆಯುತ್ತದೆ. ಮಗನೇ ಮುಂದಾಗಿ, ತನ್ನ ಬಾಲ್ಯದ ಸುಖ ಅವರಿಗೆ ದೊರೆಯದೆ ಹೋಯಿತೆಂದು ನೊಂದು ನುಡಿದ ಮೇಲೆ ಆ ಅಂಜಿಕೆ ಕರಗುತ್ತದೆ. ದೇವತ್ವದ ಮಾತನ್ನು ಬದಿಗಿಟ್ಟರೆ ಈ ಪ್ರಸಂಗ ಹೈದರಾಬಾದಿನ ಯಾವ ಬಸ್ತಿಯಲ್ಲಾದರೂ ನಡೆಯುವಂಥದ್ದು. ನಾಲ್ಕು ವರ್ಷ ಹಾಸ್ಟೆಲ್ಲಿನಲ್ಲಿದ್ದು ಬಂದ ಹುಡುಗಿ ನೀರು ಕುಡಿಯಲೂ ತಾಯಿಯ ಅಪ್ಪಣೆ ಕೇಳುತ್ತಾಳೆ. ಊಟದಲ್ಲಿ ಉಳಿಸಿದ ರೊಟ್ಟಿಯನ್ನು ಬಟ್ಟೆಯ ಗಂಟಿನಲ್ಲಿ ಮುಚ್ಚಿಡುತ್ತಾಳೆ. ಗದರಿಸಿದರೆ ಎಲ್ಲಿ ಮತ್ತೆ ಕರೆದುಕೊಂಡು ಹೋಗುತ್ತಾರೋ ಎಂದು ತಾಯಿ ಸುಮ್ಮನಿರುತ್ತಾಳೆ. ಮಗುವಿಗೆ ಮನೆ ಹೊಸದು, ತಾಯಿಗೆ ತನ್ನ ತಾಯ್ತನವೇ ಹೊಸದು. ನೆರವು ಮೊದಲು ಬೇಕಾಗುವುದು ಈ ಅಂಜಿಕೆಗೆ. ತಪಾಸಣೆಗೆಂದು ಬರುವವರಿಂದ ಅದು ಹೆಚ್ಚುತ್ತದೆ. ಜೊತೆಗೆ ಕೂತು ಮಾತಾಡುವವರು ಬಂದರೆ ಇಳಿಯುತ್ತದೆ.

ಅದೇ ಭಾಗವತ ಸಾಕಿದವರನ್ನೂ ಕೈಬಿಡುವುದಿಲ್ಲ. ಕೃಷ್ಣ ಉದ್ಧವನನ್ನು ಗೋಕುಲಕ್ಕೆ ಕಳಿಸಿ ನಂದ ಯಶೋದೆಯರನ್ನು ಸಂತೈಸುತ್ತಾನೆ. ಎಷ್ಟೋ ಕಾಲದ ಮೇಲೆ ಗ್ರಹಣದ ಸ್ನಾನಕ್ಕೆ ಕುರುಕ್ಷೇತ್ರದಲ್ಲಿ ಎಲ್ಲರೂ ಸೇರಿದಾಗ ದೇವಕಿ ರೋಹಿಣಿಯರು ಯಶೋದೆಯನ್ನು ತಬ್ಬಿಕೊಂಡು ಅವಳ ಉಪಕಾರ ನೆನೆಯುತ್ತಾರೆ. ಪ್ರವಾದಿ ಮುಹಮ್ಮದರ ಜೀವನಚರಿತ್ರೆಯಲ್ಲೂ ಹಾಗೆಯೇ. ಮರುಭೂಮಿಯ ಬುಡಕಟ್ಟಿನ ಹಲೀಮಾ ಸಾಕಿದ ಮಗುವನ್ನು ತಾಯಿ ಆಮಿನಾರಿಗೆ ಒಪ್ಪಿಸಿದಳು. ಬೆಳೆದ ಮಗ ಮುಂದೆ ಸಾಕುತಾಯಿಯನ್ನು ತಾಯಿಯೆಂದೇ ಗೌರವಿಸಿದರು. ಮಗುವಿನ ಮೇಲೆ ಒಬ್ಬರ ಹಕ್ಕು ನಿಲ್ಲಬೇಕಾದರೆ ಇನ್ನೊಬ್ಬರ ಪ್ರೀತಿ ಅಳಿಯಬೇಕು ಎಂಬ ನಿಯಮವನ್ನು ಈ ಎರಡು ಪರಂಪರೆಗಳೂ ಒಪ್ಪುವುದಿಲ್ಲ. ಆದರೂ ಇಂದು ಮಗು ಮನೆ ಸೇರಿದ ದಿನವೇ ಸಾಕಿದವರ ಫೋನು ಕರೆಗಳನ್ನು ನಿಲ್ಲಿಸುವುದು ಒಳ್ಳೆಯದೆಂದು ಅನೇಕರು ತಿಳಿದಿದ್ದಾರೆ. ಅದು ಮಗುವಿಗೆ ಎರಡನೆಯ ಅಗಲಿಕೆ.

ಕೆಟ್ಟ ಮರಳುವಿಕೆಯ ಉದಾಹರಣೆ ಮಹಾಭಾರತದ ಕರ್ಣ. ಕುಂತಿ ಅವನನ್ನು ಮಗನೆಂದು ಕರೆದದ್ದು ಯುದ್ಧದ ಹೊತ್ತಿಗೆ, ಉಳಿದ ಮಕ್ಕಳ ಜೀವ ಕಾಪಾಡಲು. ಸಾಕಿದ ರಾಧೆ ಅಧಿರಥರ ಅನ್ನದ ಋಣ, ದುರ್ಯೋಧನನ ಸ್ನೇಹದ ಋಣ ಅವನನ್ನು ಅಲ್ಲೇ ಕಟ್ಟಿಹಾಕಿದವು. ಕರ್ಣನ ಮೇಲೆ ಪಂಪನಿಗಿದ್ದ ಒಲವು ಕನ್ನಡ ಓದುಗರಿಗೆ ಗೊತ್ತಿರುವುದೇ. ಅವನ ಭಾರತ ಕಾವ್ಯ 941ರ ಹೊತ್ತಿಗೆ ರಚನೆಯಾದದ್ದು ಹೈದರಾಬಾದಿನ ಉತ್ತರಕ್ಕಿರುವ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಮಗುವಿನ ಅಗತ್ಯಕ್ಕಲ್ಲದೆ ದೊಡ್ಡವರ ಅಗತ್ಯಕ್ಕೆ, ಹೊತ್ತು ಮೀರಿದ ಮೇಲೆ ಕರೆಯುವುದು ಮರಳಿಸುವುದಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣ ಸಾಕ್ಷಿ ಇಲ್ಲ. ಸಂಸ್ಥೆಯಲ್ಲಿ ಜಾಗ ಸಾಲದೆಂದೋ ವರದಿಯ ಗಡುವು ಬಂತೆಂದೋ ಮಗುವನ್ನು ಮನೆಗೆ ಸಾಗಹಾಕುವುದೂ ಅದೇ ತಪ್ಪು.

ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಕಥೆಯಲ್ಲಿ ತಂದೆ ಓಡಿಬಂದು ಅಪ್ಪಿಕೊಳ್ಳುವುದು ಎಲ್ಲರಿಗೂ ನೆನಪಿದೆ. ಹಿರಿಯ ಮಗ ಬಾಗಿಲಾಚೆ ನಿಂತು ಮುನಿಸಿಕೊಂಡದ್ದು ಅಷ್ಟು ನೆನಪಿರುವುದಿಲ್ಲ. ಅವನು ಒಳಗೆ ಬಂದನೇ ಎಂದು ಕಥೆ ಹೇಳುವುದೂ ಇಲ್ಲ. ಇಂಗ್ಲಿಷ್ ಶಾಲೆ, ಮೂರು ಹೊತ್ತು ಊಟ ಕಂಡು ಬಂದ ತಮ್ಮನಿಗೆ ಮಾತ್ರ ಸರಕಾರದ ಹಣ ಬಂದರೆ, ಗಾರೆ ಕೆಲಸಕ್ಕೆ ಹೋಗುತ್ತಿರುವ ಅಣ್ಣ ಏನೆಂದುಕೊಳ್ಳಬೇಕು? ನೆರವು ಒಂದು ಮಗುವಿನ ಹೆಸರಿಗಿದ್ದರೂ ಇಡೀ ಮನೆಗೆ ಮುಟ್ಟುವಂತಿರಬೇಕು.

ಈ ಮಾತು ಹೈದರಾಬಾದಿನಲ್ಲಿ ಎಷ್ಟು ನಿಜವೆಂದು 2015ರ ಜನವರಿಯಲ್ಲಿ ಗೊತ್ತಾಯಿತು. ಹಳೆಯ ಪಟ್ಟಣದ ಭವಾನಿನಗರದ ಸುತ್ತಮುತ್ತ ಪೊಲೀಸರು ಬಳೆ ತಯಾರಿಸುವ ಕೋಣೆಗಳಿಂದ 200ಕ್ಕೂ ಹೆಚ್ಚು ಮಕ್ಕಳನ್ನು ಬಿಡಿಸಿದರು. ಬಹುಪಾಲು ಬಿಹಾರದವರು. ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಬೆಂಕಿಯ ಕಾವಿಗೆ ಅರಗನ್ನು ಮೆತ್ತಗಾಗಿಸಿ ಬಳೆಗೆ ಹರಳು ಕೂರಿಸುವುದು ಅವರ ಕೆಲಸ. ಮಕ್ಕಳನ್ನು ರೈಲಿನಲ್ಲಿ ಊರಿಗೆ ಕಳಿಸಲಾಯಿತು. ಆದರೆ ಹಲವು ಹೆತ್ತವರು ಮಧ್ಯವರ್ತಿಗಳಿಂದ ಮುಂಗಡ ಪಡೆದಿದ್ದರು. ಆ ಸಾಲ ಹಾಗೇ ಉಳಿದರೆ ಮಗು ಬಂದ ರೈಲು ಮತ್ತೆ ಅದನ್ನು ಹೊತ್ತೊಯ್ಯಬಲ್ಲದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಬರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಇನ್ನೊಂದು ತೊಡಕು: ತೆಲುಗಿನಲ್ಲೋ ಉರ್ದುವಿನಲ್ಲೋ ಬೆಳೆದು ಊರಿನ ಕನ್ನಡ ಶಾಲೆಗೆ ಬಂದಾಗ ಅವರು ಓದಿನಲ್ಲಿ ವರ್ಷಗಟ್ಟಲೆ ಹಿಂದೆ ಬೀಳುತ್ತಾರೆ. ಗಡಿ ದಾಟಿದ ಮಗುವಿನ ಜೊತೆ ಅದರ ಕಡತವಷ್ಟೇ ಬಂದರೆ ಸಾಲದು.

ಇಲ್ಲಿ ದಾನದ ದಾರಿಯ ಪ್ರಶ್ನೆ ಏಳುತ್ತದೆ. ಅನಾಥಾಲಯಕ್ಕೆ ಹುಟ್ಟುಹಬ್ಬದ ಊಟ ಹಾಕಿಸುವವರು ಬಹಳ. ಮಗುವನ್ನು ಮನೆಯಲ್ಲೇ ಇಟ್ಟುಕೊಂಡಿರುವ ವಿಧವೆಯ ಬಾಡಿಗೆ ಕಟ್ಟುವವರು ವಿರಳ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಹಣವೆಲ್ಲ ಸಂಸ್ಥೆಯ ಬಾಗಿಲಿಗೇ ಹೋದರೆ ಬಡ ತಾಯಿಗೆ ಮಗುವನ್ನು ಅಲ್ಲಿ ಬಿಡುವುದೇ ಜಾಣತನವಾಗಿ ಕಾಣುತ್ತದೆ. ಶಾಸ್ತ್ರಗಳು ಇದನ್ನು ಬಯಸಲಿಲ್ಲ. ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ತಾಯಿ ಬದುಕಿದ್ದರೂ ತಂದೆಯಿಲ್ಲದ ಮಗು ಯತೀಮ, ಅಂದರೆ ಅನಾಥನೇ. ತಾಯಿಯ ಮಡಿಲಲ್ಲಿರುವ ಮಗುವೂ ಸಮುದಾಯದ ಹೊಣೆ. ಜಕಾತಿಗೆ ಕುರ್‌ಆನ್ ಹೇಳುವ 8 ಬಾಬತ್ತುಗಳಲ್ಲಿ ಸಾಲದಲ್ಲಿ ಸಿಲುಕಿದವರದೂ ಒಂದು. ಮಗುವನ್ನು ಬಳೆಯ ಕೋಣೆಗೆ ತಳ್ಳಿದ ಸಾಲವನ್ನು ತೀರಿಸುವುದಕ್ಕೆ ಜಕಾತಿನಲ್ಲಿ ನೇರ ಅವಕಾಶವಿದೆ. ಶರಣರ ದಾಸೋಹದ ಕಲ್ಪನೆಯಲ್ಲಿ ಕೊಡುವವನು ಮೇಲಿನವನಲ್ಲ. ಪಡೆಯುವ ತಾಯಿ ಅದಕ್ಕಾಗಿ ಮಗುವಿನ ದೈನ್ಯವನ್ನು ಮೆರೆಸಬೇಕಿಲ್ಲ. ಸರಕಾರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವವೂ ಇದೇ ದಿಕ್ಕಿನದು. ನಗರದಲ್ಲಿ ವರ್ಷಕ್ಕೆ 96,000 ರೂಪಾಯಿ ಮೀರದ ಆದಾಯದ ಕುಟುಂಬದ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಣ ಚಿಕ್ಕದು, ಕಾಗದಪತ್ರ ದೊಡ್ಡದು. ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಆಧಾರಿನಲ್ಲಿ ಹೆಸರಿನ ತಿದ್ದುಪಡಿಗೆ ಕೂಲಿ ಬಿಟ್ಟು ಅಲೆಯಬೇಕಾದ ತಾಯಿಯ ಜೊತೆ ಒಬ್ಬರು ಹೋಗಿಬಂದರೆ ಅದೂ ಸೇವೆಯೇ.

ಹೆತ್ತವರೇ ಹಿಂಸಿಸಿದ ಕಡೆ ಈ ವಾದ ನಿಲ್ಲುತ್ತದೆ. ಹೊಡೆತಕ್ಕೋ ಲೈಂಗಿಕ ಹಿಂಸೆಗೋ ಸಿಕ್ಕ ಮಗುವನ್ನು ರಕ್ತಸಂಬಂಧದ ಹೆಸರಿನಲ್ಲಿ ಮರಳಿಸುವುದು ಅಧರ್ಮ. ಕಾಯ್ದೆಯೂ ಮಗುವಿನ ಹಿತವನ್ನೇ ಮೊದಲು ನೋಡೆನ್ನುತ್ತದೆ, ಮಗುವಿನ ಮಾತನ್ನು ಕೇಳೆನ್ನುತ್ತದೆ. ಆದರೆ ಬಡತನವನ್ನು ದುರ್ನಡತೆಯೆಂದು ಬರೆದುಕೊಳ್ಳುವ ಅಭ್ಯಾಸ ಇದರ ಜೊತೆ ಬೆರೆಯಬಾರದು. ರಂಗಾರೆಡ್ಡಿ ಜಿಲ್ಲೆಯಲ್ಲಿ 1991ರ ಹೊತ್ತಿಗೆ ಬಾಲದುಡಿಮೆಯ ವಿರುದ್ಧ ಕೆಲಸ ಆರಂಭಿಸಿದ ಎಂ.ವಿ. ಫೌಂಡೇಶನ್ನಿನ ಶಾಂತಾ ಸಿನ್ಹಾ ಮತ್ತೆಮತ್ತೆ ಹೇಳಿದ್ದು, ಬಡ ಹೆತ್ತವರಿಗೂ ಮಕ್ಕಳನ್ನು ಓದಿಸುವ ಆಸೆ ಇದೆ ಎಂದೇ. ಊರವರು, ಶಿಕ್ಷಕರು, ಪಂಚಾಯಿತಿ ಜೊತೆಗೆ ನಿಂತ ಕಡೆ ಜೀತದಿಂದ ಬಿಡಿಸಿದ ಮಕ್ಕಳು ಶಾಲೆಯಲ್ಲಿ ಉಳಿದರು. ಮರಳಿದ ಮಗುವಿನ ಮನೆಗೂ ಮೊದಲ ಒಂದೆರಡು ವರ್ಷ ಅಂಥದೇ ಬೆಂಬಲ ಬೇಕು: ತಿಂಗಳಿಗೊಮ್ಮೆ ಬರುವ ಪರಿಚಿತ ಮುಖ, ಶಾಲೆಯಲ್ಲಿ ಗೊತ್ತಿರುವ ಒಬ್ಬ ಮೇಷ್ಟ್ರು, ಕಾಯಿಲೆ ಬಿದ್ದಾಗ ಬಡ್ಡಿಯಿಲ್ಲದ ಕೈಗಡ, ಕೆಟ್ಟ ಗಳಿಗೆಯಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿದರೆ ಮಗುವನ್ನು ಕಿತ್ತುಕೊಳ್ಳುವುದಿಲ್ಲ ಎಂಬ ನಂಬಿಕೆ.