ಕಾಮನು ಬೆಂದನೆ, ಬೇಯಲಿಲ್ಲವೆ?



ಫಾಲ್ಗುಣ ಶುದ್ಧ ಪೌರ್ಣಿಮೆ ಸಮೀಪಿಸಿತೆಂದರೆ ನಮ್ಮ ಹಳ್ಳಿಗಳಲ್ಲಿ ಹುಡುಗರ ಹಿಂಡು ಕಟ್ಟಿಗೆ ಕುಳ್ಳುಗಳನ್ನು ಕೂಡಿಹಾಕಲು ಹೊರಡುತ್ತದೆ. ಕೊಡುವವರು ಕೊಡುತ್ತಾರೆ, ಕೊಡದವರ ಹಿತ್ತಲಿನಿಂದ ಅವು ರಾತ್ರೋರಾತ್ರಿ ತಾವಾಗಿಯೇ ನಡೆದುಬರುತ್ತವೆ! ಬಾಗಲಕೋಟೆಯಲ್ಲಿ ಹಲಗೆಯ ಸದ್ದಿಗೆ ಊರೇ ಕುಣಿಯುತ್ತದೆ. ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನ ಮುಂದೆ ಹರಕೆ ಹೊತ್ತವರು ಸಾಲುಗಟ್ಟಿ ನಿಲ್ಲುತ್ತಾರೆ. ಇದರಲ್ಲಿ ಒಂದು ವೈಚಿತ್ರ್ಯವುಂಟು. ಯಾರನ್ನು ಸುಡುವ ಹಬ್ಬವೋ ಆತನ ಮುಂದೆಯೇ ನಾವು ಕೈಜೋಡಿಸಿ, ಸಂತಾನ ಕೊಡು, ಉದ್ಯೋಗ ಕೊಡು ಎಂದು ಬೇಡುತ್ತೇವೆ. ಒಂದು ಕೈಯಲ್ಲಿ ಕೊಳ್ಳಿ, ಇನ್ನೊಂದು ಕೈಯಲ್ಲಿ ಹೂವು. ನಮ್ಮ ಜನ ತಿಳಿಯದೆ ಹೀಗೆ ಮಾಡುತ್ತಾರೆಯೆ? ಅಥವಾ ಅವರಿಗೆ ತಿಳಿದಿರುವ ಯಾವುದೋ ಸತ್ಯ ನಮಗೆ ತಿಳಿಯದೆ?

ಈ ಹಬ್ಬಕ್ಕೆ ಕಾರಣವಾಗಿ ಹೇಳುವ ಕಥೆಗಳು ಹಲವು. ಉತ್ತರದೇಶದವರು ಹೋಲಿಕೆಯನ್ನು ನೆನೆಯುತ್ತಾರೆ. ಅವಳು ಹಿರಣ್ಯಕಶಿಪುವಿನ ತಂಗಿ. ಬೆಂಕಿ ತನ್ನನ್ನು ಸುಡದೆಂಬ ವರದ ಬಲದಿಂದ ಬಾಲಕ ಪ್ರಹ್ಲಾದನನ್ನು ತೊಡೆಯ ಮೇಲಿಟ್ಟುಕೊಂಡು ಚಿತೆಯೇರಿದಳು; ತಾನು ಬೆಂದಳು, ಮಗು ಉಳಿಯಿತು. ಭವಿಷ್ಯೋತ್ತರ ಪುರಾಣ ಹೇಳುವ ಕಥೆಯೇ ಬೇರೆ. ರಘುರಾಜನ ಕಾಲದಲ್ಲಿ ಮಕ್ಕಳನ್ನು ಪೀಡಿಸುತ್ತಿದ್ದ ಢುಂಢಿಯೆಂಬ ರಾಕ್ಷಸಿಯನ್ನು ಮಕ್ಕಳೇ ಬೆಂಕಿ ಹೊತ್ತಿಸಿ, ಕೂಗಿ ಕೇಕೆಹಾಕಿ ಓಡಿಸಿದರಂತೆ. ಈ ದಿನ ಹುಡುಗರು ಬಾಯಿ ಬಡಿದುಕೊಳ್ಳುವುದಕ್ಕೆ ಮೂಲ ಇದೆಂದು ಹಿರಿಯರು ಹೇಳುವುದುಂಟು. ದಕ್ಷಿಣದ ನಮಗೆ ಮುಖ್ಯವಾದುದು ಕಾಮದಹನ. ತಾರಕಾಸುರನ ಉಪಟಳಕ್ಕೆ ಬೆದರಿದ ದೇವತೆಗಳು ಮನ್ಮಥನನ್ನು ಕಳುಹಿಸಿದರು. ಆತನು ಮರೆಯಲ್ಲಿ ನಿಂತು ತಪೋನಿರತನಾದ ಶಿವನ ಮೇಲೆ ಹೂಬಾಣ ಹೂಡಿದನು. ಹಣೆಗಣ್ಣು ತೆರೆಯಿತು, ಮನ್ಮಥನು ಬೂದಿಯಾದನು, ರತಿ ಗೋಳಿಟ್ಟಳು. ಹಂಪೆಯ ಹೇಮಕೂಟವೇ ಇದು ನಡೆದ ತಾಣವೆಂದು ಸ್ಥಳಪುರಾಣ ಹೇಳುತ್ತದೆ. ವಿರೂಪಾಕ್ಷನ ಗುಡಿಯ ಬಳಿ ಮನ್ಮಥ ಹೊಂಡ ಇಂದಿಗೂ ಉಂಟು.

ಈ ಕಥೆಯ ವಿಷಯದಲ್ಲಿ ಕನ್ನಡದ ಕವಿಗಳೇ ಎರಡು ಪಕ್ಷವಾಗಿದ್ದಾರೆ. ಹರಿಹರನ ‘ಗಿರಿಜಾಕಲ್ಯಾಣ’ದಲ್ಲಿ ಶಿವನು ಕಾಮನನ್ನು ಸುಡುತ್ತಾನೆ. ಹದಿಮೂರನೆಯ ಶತಮಾನದ ಜೈನಕವಿ ಆಂಡಯ್ಯನ ‘ಕಬ್ಬಿಗರ ಕಾವ’ದಲ್ಲಿ ಕಾಮನೇ ಶಿವನನ್ನು ಗೆದ್ದು ಅರ್ಧನಾರಿಯನ್ನಾಗಿಸುತ್ತಾನೆ. ತಮಿಳುನಾಡಿನ ತಂಜಾವೂರು ಸೀಮೆಯ ಕಾಮನ ಹಬ್ಬದಲ್ಲಂತೂ ಲಾವಣಿಕಾರರು ಎರಡು ಪಂಗಡವಾಗಿ ಕುಳಿತು, ಒಬ್ಬರು ‘ಬೆಂದ ಪಕ್ಷ’, ಇನ್ನೊಬ್ಬರು ‘ಬೇಯದ ಪಕ್ಷ’ ಹಿಡಿದು ರಾತ್ರಿಯಿಡೀ ವಾದಿಸಿ ಹಾಡುತ್ತಾರೆ. ನಾವು ಮೈಸೂರಿನಲ್ಲಿ ಸಂಸ್ಕೃತ ಎಂ.ಎ. ಓದುತ್ತಿದ್ದಾಗ ‘ಕುಮಾರಸಂಭವ’ದ ಮೂರನೆಯ ಸರ್ಗವನ್ನು ಕಂಠಪಾಠ ಮಾಡಿದ್ದೆವು. ಕಾಮನು ಬೆಂದನೆಂಬುದರಲ್ಲಿ ಆಗ ನಮಗೆ ಸಂದೇಹವಿರಲಿಲ್ಲ. ಸಂದೇಹ ಹುಟ್ಟಿಸಿದವನು ಬಂಗಾರಪೇಟೆಯ ಒಬ್ಬ ತರುಣ.

ಕೆಲವು ವರ್ಷಗಳ ಹಿಂದೆ ಆ ಊರಿನ ಭಕ್ತರ ಕರೆಗೆ ಓಗೊಟ್ಟು, ಹುಣ್ಣಿಮೆಯ ಸಂಜೆ ಆಶೀರ್ವಚನಕ್ಕೆ ಹೋಗಿದ್ದೆವು. ವಿಷಯ ಕಾಮದಹನ. ‘ಆಸೆಯನ್ನು ಸುಡಿರಿ’ ಎಂದು ನಾವು ಒಂದು ಗಂಟೆ ಹೇಳಿದೆವು. ಸಭೆ ಮುಗಿದ ಮೇಲೆ ಆ ತರುಣನು ಬಳಿಗೆ ಬಂದು ನಮಸ್ಕರಿಸಿದನು. ಮಾರಿಕುಪ್ಪದವನು, ಬೆಳಗಿನ ಕತ್ತಲೆಯಲ್ಲೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿಗೆ ಮರಳುವವನು. ಅವನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದವರು. ಅವನು ಮೆಲ್ಲನೆ ಕೇಳಿದನು: “ಬುದ್ಧಿ, ನಮ್ಮ ತಾತ ಚಿನ್ನ ತೆಗೆದರು, ಚಿನ್ನ ಹಾಕಿಕೊಳ್ಳಲಿಲ್ಲ. ಅವರಿಗಿದ್ದ ಆಸೆ ಮನೆಗೆ ಅಕ್ಕಿ, ಮಕ್ಕಳಿಗೆ ಓದು. ಆಸೆ ಸುಡಬೇಕು ಅಂದಿರಿ. ಯಾರ ಆಸೆ ಸುಡಬೇಕು?”

ನಮ್ಮಲ್ಲಿ ಉತ್ತರವಿರಲಿಲ್ಲ. ‘ಚಿಂತಿಸಿ ಹೇಳುತ್ತೇವೆ’ ಎಂದು ವಿಭೂತಿ ಕೊಟ್ಟು ಕಳುಹಿಸಿದೆವು.

ಮರುದಿನ ಬೆಳಿಗ್ಗೆ ಭಕ್ತರು ನಮ್ಮನ್ನು ಚಿನ್ನದ ಗಣಿ ಪ್ರದೇಶಕ್ಕೆ ಕರೆದೊಯ್ದರು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಅಲ್ಲಿ ಆಧುನಿಕ ಗಣಿಗಾರಿಕೆ ಆರಂಭಿಸಿದರು. 1894ರಲ್ಲಿ ಬಂಗಾರಪೇಟೆಯಿಂದ ರೈಲುದಾರಿ ಬಂದಿತು. 1902ರಲ್ಲಿ ದೂರದ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನ ಹೊರಬಂದಿತೆಂದು ಲೆಕ್ಕ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳ. ಅಲ್ಲಿ ಬಂಡೆಯ ಕಾವೇ 60 ಡಿಗ್ರಿಯನ್ನು ಮೀರುತ್ತಿತ್ತು. ಬಂಡೆ ಸಿಡಿದು ಸತ್ತವರಿದ್ದಾರೆ, ದೂಳು ಕುಡಿದು ಪುಪ್ಪುಸ ಕೆಟ್ಟು ಸತ್ತವರಿದ್ದಾರೆ. 2001ರಲ್ಲಿ ಗಣಿ ಮುಚ್ಚಿತು. ಉಳಿದುದು ತುಕ್ಕು ಹಿಡಿದ ಬಾವಿಯಂತ್ರಗಳು, ಸಾಲುಮನೆಗಳು, ಮತ್ತು ಸಯನೈಡ್ ದಿಬ್ಬಗಳು. ಬಂಡೆಯನ್ನು ಹುಡಿಮಾಡಿ ಚಿನ್ನವನ್ನು ಸಯನೈಡಿನಿಂದ ಕರಗಿಸಿ ತೆಗೆದ ಮೇಲೆ ಮಿಕ್ಕ ಬೂದುಬಣ್ಣದ ಹುಡಿಯ ಗುಡ್ಡಗಳವು. ಅಂದು ಗಾಳಿ ಬೀಸುತ್ತಿತ್ತು. ಆ ಹುಡಿ ಹಾರಿಬಂದು ನಮ್ಮ ಕಾವಿಯ ಮೇಲೆ ಕುಳಿತಿತು.

ಅದನ್ನು ಕೊಡವಿಕೊಳ್ಳುವಾಗ ನಮಗೆ ಆ ಕಥೆಯ ಒಂದು ಪದದ ಅರ್ಥ ಹೊಳೆಯಿತು. ಸುಟ್ಟ ಮೇಲೆ ಕಾಮನಿಗೆ ಬಂದ ಹೆಸರು ‘ಅನಂಗ’, ಎಂದರೆ ಅಂಗವಿಲ್ಲದವನು. ಇದನ್ನು ನಾವು ಕಾಮನ ಸೋಲೆಂದೇ ತಿಳಿದಿದ್ದೆವು. ಆದರೆ ವಿಚಾರ ಮಾಡಿರಿ. ಅಂಗವಿರುವ ಆಸೆಗೆ ಒಂದು ಮಿತಿಯುಂಟು. ಹೊಟ್ಟೆ ತುಂಬಿದರೆ ಅನ್ನದ ಆಸೆ ನಿಲ್ಲುತ್ತದೆ; ದೇಹ ದಣಿದರೆ ದುಡಿಮೆ ನಿಲ್ಲುತ್ತದೆ. ಅಂಗವಿಲ್ಲದ ಆಸೆಗೆ ಹೊಟ್ಟೆಯೂ ಇಲ್ಲ, ದಣಿವೂ ಇಲ್ಲ. ಅದು ಬೇರೆಯವರ ಅಂಗದಿಂದ ದುಡಿಸುತ್ತದೆ. ಲಂಡನ್ನಿನಲ್ಲಿ ಕುಳಿತು ಪಾಲುಬಂಡವಾಳ ಹೂಡಿದಾತನು ಗಣಿಯ ಬಾಯನ್ನು ಕಂಡವನಲ್ಲ. ಆತನ ಆಸೆ ಅಲ್ಲಿ, ಬೆವರುವ ಅಂಗ ಇಲ್ಲಿ. ಅನಂಗನು ಬಾಣವನ್ನು ಬಿಡುತ್ತಲೇ ಇದ್ದನು. ಬಿಲ್ಲು ಹಿಡಿದ ಕೈ ಮಾತ್ರ ಯಾರಿಗೂ ಕಾಣಲಿಲ್ಲ.

ಹಾಗೆಂದು ಪರದೇಶಿಯರನ್ನು ಮಾತ್ರ ಬೈದು ನಾವು ಪಾರಾಗುವಂತಿಲ್ಲ. ಮದುವೆಯ ಮನೆಯಲ್ಲಿ ಹೆಣ್ಣಿನ ಕೊರಳಿನ ಚಿನ್ನವನ್ನು ಕಣ್ಣಿನಲ್ಲೇ ತೂಗುವವರು ನಾವಲ್ಲವೆ? ಒಪ್ಪಿಕೊಳ್ಳಬೇಕಾದ ಇನ್ನೊಂದು ಮಾತುಂಟು. ನಮ್ಮ ಪಟ್ಟಾಭಿಷೇಕದಂದು ಭಕ್ತರು ಚಿನ್ನ ಕಟ್ಟಿಸಿದ ರುದ್ರಾಕ್ಷಿ ಕಿರೀಟವನ್ನು ನಮ್ಮ ತಲೆಗಿಟ್ಟರು. ಉತ್ಸವದ ದಿನಗಳಲ್ಲಿ ಅದನ್ನು ಧರಿಸಿ ಪಲ್ಲಕ್ಕಿಯಲ್ಲಿ ಕುಳಿತು ನಾವು ವೈರಾಗ್ಯವನ್ನು ಉಪದೇಶಿಸಿದ್ದೇವೆ. ಆ ಚಿನ್ನ ಯಾವ ನೆಲದ್ದು, ಅದನ್ನು ತೆಗೆದವನ ಪುಪ್ಪುಸ ಏನಾಯಿತು ಎಂದು ಒಂದು ದಿನವೂ ಕೇಳಿದವರಲ್ಲ. ಅಲ್ಲಮಪ್ರಭುಗಳು ಮಾಯೆಯನ್ನು ಹೊರಗಿನ ವಸ್ತುವಿನಲ್ಲಿ ಅಲ್ಲ, ಮನುಷ್ಯನ ಮನದ ಆಸೆಯಲ್ಲಿ ತೋರಿಸಿದರು. ನಾವು ಅದನ್ನು ಭಕ್ತರಿಗೆ ಬೋಧಿಸಿದೆವು. ನಮ್ಮ ತಲೆಯ ಮೇಲಿನ ಭಾರಕ್ಕೆ ಅನ್ವಯಿಸಲಿಲ್ಲ.

ಹಾಗಾದರೆ ಆ ತರುಣನಿಗೆ ಕೊಡಬೇಕಾದ ಉತ್ತರವೇನು? ಕಥೆಯನ್ನು ಪೂರ್ಣವಾಗಿ ಓದಿದರೆ ಅಲ್ಲಿಯೇ ದೊರಕುತ್ತದೆ. ನಾವು ದಹನದಲ್ಲಿಯೇ ಕಥೆಯನ್ನು ನಿಲ್ಲಿಸಿಬಿಡುತ್ತೇವೆ. ಕಥೆ ಅಲ್ಲಿ ನಿಲ್ಲುವುದಿಲ್ಲ. ಕಾಮನು ಬೆಂದ ಮೇಲೆ ಗಿರಿಜೆ ಮನೆಗೆ ಮರಳಿ ಸುಮ್ಮನಾಗಲಿಲ್ಲ. ಅವಳಿಗೂ ಶಿವನೇ ಬೇಕೆಂಬ ಆಸೆಯಿತ್ತು. ಆ ಆಸೆಯನ್ನು ಅವಳು ಮುಚ್ಚಿಡಲಿಲ್ಲ. ಬಿಸಿಲು ಮಳೆ ಚಳಿಗಳಲ್ಲಿ ತನ್ನ ಮೈಯನ್ನೇ ಒಡ್ಡಿ ತಪಸ್ಸು ಮಾಡಿದಳು. ಹೂಬಾಣಕ್ಕೆ ಮಣಿಯದ ಶಿವನು ಆ ತಪಸ್ಸಿಗೆ ಮಣಿದು, ತಾನೇ ವಟುವಿನ ವೇಷದಲ್ಲಿ ಅವಳ ಬಾಗಿಲಿಗೆ ಬಂದನು. ಆದುದರಿಂದ ಶಿವನು ಸುಟ್ಟುದು ಆಸೆಯನ್ನಲ್ಲ. ಮರೆಯಲ್ಲಿ ನಿಂತು, ಎದುರಿಗಿರುವವನ ಅರಿವಿಲ್ಲದೆ, ತನ್ನ ಕಾರ್ಯಕ್ಕಾಗಿ ಆತನನ್ನು ಬಳಸಿಕೊಳ್ಳುವ ಆಸೆಯನ್ನು ಸುಟ್ಟನು. ತನ್ನ ಮೈಯ ದಣಿವನ್ನು ಬೆಲೆಯಾಗಿ ಕೊಟ್ಟು, ಬಯಲಲ್ಲಿ ನಿಂತು ಬೇಡುವ ಆಸೆಯನ್ನು ಕೈಹಿಡಿದನು. ಬೆಂದ ಪಕ್ಷವೂ ನಿಜ, ಬೇಯದ ಪಕ್ಷವೂ ನಿಜ. ಬೆಂದ ಆಸೆ ಬೇರೆ, ಉಳಿದ ಆಸೆ ಬೇರೆ. ಶರಣರು ಈ ಎರಡನೆಯದಕ್ಕೆ ಕಾಯಕವೆಂದು ಹೆಸರಿಟ್ಟು, ಅದರ ಫಲ ಹಂಚಿ ತಿನ್ನುವುದನ್ನು ದಾಸೋಹವೆಂದರು. ಗಣಿಗಿಳಿದ ಆ ತಾತನ ಅಕ್ಕಿಯ ಆಸೆ ಗಿರಿಜೆಯ ಕಡೆಯದು. ಅದಕ್ಕೆ ಕೊಳ್ಳಿ ಇಡಲು ನಮಗೆ ಅಧಿಕಾರವಿಲ್ಲ.

ರತಿಯನ್ನೂ ನಾವು ಮರೆಯಬಾರದು. ಕಾಳಿದಾಸನು ಅವಳ ಅಳುವಿಗೆ ಒಂದು ಸರ್ಗವನ್ನೇ ಮೀಸಲಿಟ್ಟನು. ನಾವು ಆ ಅಳುವನ್ನು ಹುಡುಗಾಟದ ಬೊಬ್ಬೆಯಾಗಿ ಮಾಡಿದ್ದೇವೆ. ಶಿವನು ದುಷ್ಟತನವನ್ನು ದಂಡಿಸಿದನು, ಆದರೆ ವಿಧವೆಯ ಕಣ್ಣೀರಿಗೆ ಕಿವುಡಾಗಲಿಲ್ಲ. ಅವಳ ಪತಿಗೆ ಮರಳಿ ಜೀವ ದೊರೆಯಿತು. ಗಣಿ ಮುಚ್ಚಿದಾಗ ಲಾಭನಷ್ಟದ ಲೆಕ್ಕ ಸರಿಯಾಗಿಯೇ ಇದ್ದಿರಬಹುದು. ಒಂದು ಟನ್ ಬಂಡೆ ಅರೆದರೆ ಕೆಲವೇ ಗ್ರಾಂ ಚಿನ್ನ. ಆದರೆ ಲೆಕ್ಕ ಮುಗಿದ ಮೇಲೂ ಅಳುವವರು ಉಳಿದಿರುತ್ತಾರೆ. ಅವರ ಅಳುವನ್ನು ಕೇಳುವುದು ಕಥೆಯ ಹೊರಗಿನದಲ್ಲ, ಕಥೆಯ ಧರ್ಮವೇ ಅದು.

ವಾಚಕರೆ, ಬಂಗಾರಪೇಟೆಯ ಹೆಸರೂ ನಮಗೆ ಒಂದು ಪಾಠ ಹೇಳುತ್ತದೆ. ಅದು ಮೊದಲು ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ. ನಾಲಗೆಗೂ ಮನಸ್ಸಿಗೂ ಬಂಗಾರವೇ ಹತ್ತಿರವಾಗಿ ಊರು ಬಂಗಾರಪೇಟೆಯಾಯಿತು. ಬಂಗಾರ ಮಾತ್ರ ಅಲ್ಲಿ ನಿಲ್ಲದೆ ರೈಲು ಹತ್ತಿ ಹೋಯಿತು. ಇಂದು ಅದೇ ದಾರಿಯಲ್ಲಿ ಮೊಮ್ಮಕ್ಕಳು ದುಡಿಮೆಗಾಗಿ ಹೋಗುತ್ತಿದ್ದಾರೆ.

ಈ ವರ್ಷ ಕಾಮನ ಬೆಂಕಿಯ ಮುಂದೆ ನಿಂತಾಗ ಹಸಿಮರ ಕಡಿಯದಿರಿ, ಹೆಣ್ಣುಮಕ್ಕಳಿಗೆ ಒಲ್ಲದ ಬಣ್ಣ ಎರಚದಿರಿ ಎಂಬುದು ನಮ್ಮ ಸಾಮಾನ್ಯವಾದ ಹಿತವಚನ. ಅದಕ್ಕೂ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ: ನನ್ನ ಯಾವ ಆಸೆ ಇನ್ನೊಬ್ಬರ ಮೈಯಿಂದ ದುಡಿಸುತ್ತಿದೆ? ಅದನ್ನು ಆ ಬೆಂಕಿಗೆ ಹಾಕಿರಿ. ಅದರ ಬೂದಿಯನ್ನು ಹಣೆಗೆ ಧರಿಸಬಹುದು, ಅದು ವಿಭೂತಿ. ಗಣಿಯ ಬದಿಯ ಆ ಗುಡ್ಡಗಳೂ ಒಂದು ಆಸೆಯ ಬೂದಿಯೇ. ಆದರೆ ಅದನ್ನು ಯಾರೂ ಹಣೆಗೆ ಹಚ್ಚಿಕೊಳ್ಳಲಾರರು.

ಕಳೆದ ಉತ್ಸವದಲ್ಲಿ ನಾವು ಆ ಕಿರೀಟವನ್ನು ಧರಿಸಲಿಲ್ಲ. ಕಾರಣ ಕೇಳಿದ ಭಕ್ತರಿಗೆ ಅಂದು ಏನೂ ಹೇಳಲಿಲ್ಲ, ಇಂದು ಹೇಳಿದ್ದೇವೆ. ಮಾರಿಕುಪ್ಪದ ಆ ತರುಣನಿಗೆ ಈ ಸಂಚಿಕೆ ತಲುಪಿದರೆ ನಮ್ಮ ಸಾಲ ತೀರಿದಂತೆ.

ಸಕಲರಿಗೂ ಸನ್ಮಂಗಳವಾಗಲಿ.